ಎಂಜಿನಿಯರಿಂಗ್ ಲ್ಯಾಬ್: ಉತ್ತರ ಮೊದಲೇ ಗೊತ್ತಿದ್ದರೆ ಕಲಿಯುವುದೇನು?

ರಾಜ್ಯದ ಯಾವುದೇ ಎಂಜಿನಿಯರಿಂಗ್ ಕಾಲೇಜಿನ ಪಠ್ಯಕ್ರಮವನ್ನು ತೆರೆದು ನೋಡಿದರೂ ಪ್ರಾಯೋಗಿಕ ತರಗತಿಗಳಿಗೆ ಕೊರತೆ ಕಾಣದು. ಹೆಚ್ಚು ಕಡಿಮೆ ಪ್ರತಿ ಸೆಮಿಸ್ಟರ್‌ನಲ್ಲಿಯೂ ಲ್ಯಾಬ್‌ಗಳಿವೆ, ರೆಕಾರ್ಡ್ ಪುಸ್ತಕಗಳಿವೆ, ಅಂತಿಮ ವರ್ಷದಲ್ಲಿ ಪ್ರಾಜೆಕ್ಟ್ ಇದೆ. ಹೀಗಿದ್ದರೂ ಪದವೀಧರರಿಗೆ ಪ್ರಾಯೋಗಿಕ ಜ್ಞಾನ ಸಾಲದು ಎಂಬ ದೂರು ಉದ್ಯಮ ವಲಯದಿಂದ ಪದೇ ಪದೇ ಕೇಳಿಬರುತ್ತಿದೆ. ಲ್ಯಾಬ್‌ಗಳನ್ನು ಹೆಚ್ಚಿಸಬೇಕು, ಹೊಸ ಉಪಕರಣಗಳನ್ನು ಖರೀದಿಸಬೇಕು ಎಂಬುದು ಇದಕ್ಕೆ ಸಾಮಾನ್ಯವಾಗಿ ಸೂಚಿಸಲಾಗುವ ಪರಿಹಾರ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಉಪಕರಣದ ಮುಂದೆ ನಿಂತ ವಿದ್ಯಾರ್ಥಿ ಸ್ವತಃ ನಿರ್ಧರಿಸಬೇಕಾದದ್ದು ಏನಾದರೂ ಅಲ್ಲಿ ಉಳಿದಿದೆಯೇ?

ಒಂದೇ ಪ್ರಯೋಗ, ಎರಡು ವಿಧಾನ

ಸಿವಿಲ್ ಮತ್ತು ಮೆಕ್ಯಾನಿಕಲ್ ವಿದ್ಯಾರ್ಥಿಗಳಿಗೆ ಚಿರಪರಿಚಿತವಾದ ವಿ-ನಾಚ್ ಪ್ರಯೋಗವನ್ನೇ ತೆಗೆದುಕೊಳ್ಳೋಣ. ನೀರು ಹರಿಯುವ ಕಾಲುವೆಗೆ ಅಡ್ಡವಾಗಿ, ಇಂಗ್ಲಿಷಿನ 'ವಿ' ಅಕ್ಷರದ ಆಕಾರದಲ್ಲಿ ಕತ್ತರಿಸಿದ ಲೋಹದ ಹಲಗೆಯನ್ನು ನಿಲ್ಲಿಸಿರುತ್ತಾರೆ. ಆ ಕಂಡಿಯ ತಳದಿಂದ ನೀರು ಎಷ್ಟು ಎತ್ತರದಲ್ಲಿದೆ ಎಂಬುದನ್ನು ಹುಕ್ ಗೇಜ್‌ನಿಂದ ಅಳೆದು, ಸೂತ್ರದ ಪ್ರಕಾರ ಎಷ್ಟು ನೀರು ಹರಿಯಬೇಕು ಎಂದು ಲೆಕ್ಕ ಹಾಕಬೇಕು. ಬಳಿಕ ಹರಿದ ನೀರನ್ನು ತೊಟ್ಟಿಯಲ್ಲಿ ಸಂಗ್ರಹಿಸಿ, ಸ್ಟಾಪ್‌ವಾಚ್ ಹಿಡಿದು ನಿಜವಾದ ಹರಿವನ್ನು ಕಂಡುಹಿಡಿಯಬೇಕು. ನಿಜವಾದ ಹರಿವನ್ನು ಲೆಕ್ಕದ ಹರಿವಿನಿಂದ ಭಾಗಿಸಿದರೆ ಸಿಗುವ ಗುಣಾಂಕ ಸುಮಾರು 0.6.

ಈ 0.6 ಎಂಬ ಉತ್ತರ ಪ್ರಯೋಗಕ್ಕೆ ಮುನ್ನವೇ ತರಗತಿಗೆಲ್ಲ ಗೊತ್ತಿರುತ್ತದೆ. ಯಾವ ಅಂಕಣದಲ್ಲಿ ಯಾವ ರೀಡಿಂಗ್ ಬರೆಯಬೇಕು ಎಂಬುದು ಲ್ಯಾಬ್ ಮ್ಯಾನುಯಲ್‌ನಲ್ಲಿ ಮುದ್ರಿತವಾಗಿರುತ್ತದೆ. ಅಪ್ಪಿತಪ್ಪಿ 0.54 ಬಂದರೆ ಕೆಲವರು ರೀಡಿಂಗನ್ನೇ ತಿದ್ದುತ್ತಾರೆ. ಇನ್ನು ಕೆಲವರು ಹಿರಿಯ ವಿದ್ಯಾರ್ಥಿಗಳ ರೆಕಾರ್ಡ್ ಮೊರೆ ಹೋಗುತ್ತಾರೆ.

ವಾಸ್ತವವಾಗಿ ಪಾಠವಿರುವುದು ಆ 0.54ರಲ್ಲಿಯೇ. ಸೂತ್ರದ ಪ್ರಕಾರ ಹರಿವು ನೀರಿನ ಎತ್ತರದ ಎರಡೂವರೆ ಘಾತಕ್ಕೆ ಅನುಗುಣವಾಗಿ ಬದಲಾಗುತ್ತದೆ. 50 ಮಿಲಿಮೀಟರ್ ಎತ್ತರವನ್ನು ಅಳೆಯುವಾಗ 2 ಮಿಲಿಮೀಟರ್ ಹೆಚ್ಚು ಓದಿದರೆ ಅಳತೆಯಲ್ಲಿನ ತಪ್ಪು ಶೇ 4 ಮಾತ್ರ. ಆದರೆ ಲೆಕ್ಕದ ಹರಿವಿನಲ್ಲಿ ಅದು ಶೇ 10ರಷ್ಟಾಗಿ, 0.6 ಬರಬೇಕಾದಲ್ಲಿ 0.54 ಬರುತ್ತದೆ. ಯಾವ ಅಳತೆಯಲ್ಲಿ ಅತಿ ಹೆಚ್ಚು ಎಚ್ಚರ ಬೇಕು ಎಂಬ ಈ ಅರಿವು ಎಂಜಿನಿಯರ್‌ಗೆ ಅತ್ಯಗತ್ಯ. ರೀಡಿಂಗ್ ತಿದ್ದಿದ ಕ್ಷಣದಲ್ಲಿ ಅದು ಕೈತಪ್ಪುತ್ತದೆ.

ಇದೇ ಪ್ರಯೋಗವನ್ನು ಬೇರೆ ರೀತಿಯಲ್ಲಿಯೂ ಮಾಡಿಸಬಹುದು. ಮ್ಯಾನುಯಲ್ ಬದಿಗಿಟ್ಟು, ಈ ಕಾಲುವೆಯಲ್ಲಿ ನಿಮಿಷಕ್ಕೆ ಎಷ್ಟು ಲೀಟರ್ ನೀರು ಹರಿಯುತ್ತಿದೆ, ನಿಮ್ಮ ಉತ್ತರ ಎಷ್ಟರ ಮಟ್ಟಿಗೆ ಆಚೀಚೆ ಇರಬಹುದು ಎಂದು ಕೇಳಿದರೆ ಸಾಕು. ಎತ್ತರವನ್ನು ಎಲ್ಲಿ ಅಳೆಯಬೇಕು? ಕಂಡಿಯ ಸಮೀಪದಲ್ಲಿ ನೀರಿನ ಮಟ್ಟ ಇಳಿಯುವುದರಿಂದ ಎಷ್ಟು ಹಿಂದೆ ಸರಿಯಬೇಕು? ನೀರನ್ನು ಎಷ್ಟು ಹೊತ್ತು ಸಂಗ್ರಹಿಸಬೇಕು? ಇವನ್ನೆಲ್ಲ ತಂಡವೇ ಚರ್ಚಿಸಿ ತೀರ್ಮಾನಿಸಬೇಕಾಗುತ್ತದೆ. ತೊಟ್ಟಿಯೂ ಅದೇ, ಹಲಗೆಯೂ ಅದೇ. ಉಪಕರಣಕ್ಕೆ ಹೆಚ್ಚುವರಿ ವೆಚ್ಚವಿಲ್ಲ.

ಸಂಶೋಧನೆ ಹೇಳುವುದೇನು?

ಈ ವ್ಯತ್ಯಾಸ ಕೇವಲ ಅಭಿಪ್ರಾಯದ ಮಾತಲ್ಲ. ಭೌತವಿಜ್ಞಾನದ ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ ಹಾಗೂ ಕಾರ್ನೆಲ್ ವಿಶ್ವವಿದ್ಯಾಲಯದ ನತಾಶಾ ಹೋಮ್ಸ್ ಅವರನ್ನೊಳಗೊಂಡ ತಂಡವು ಅಮೆರಿಕದ ವಿದ್ಯಾರ್ಥಿಗಳನ್ನು ಕುರಿತು 2017ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿತು. ತರಗತಿಯ ಪಾಠವನ್ನು ಗಟ್ಟಿಗೊಳಿಸುವುದಕ್ಕಾಗಿಯೇ ರೂಪಿಸಿದ್ದ ಲ್ಯಾಬ್‌ಗಳಿಂದ ಪರೀಕ್ಷೆಯ ಅಂಕದಲ್ಲಿ ಆದ ಲಾಭ ಶೂನ್ಯಕ್ಕೆ ಸಮೀಪವಾಗಿತ್ತು. ಪ್ರಯೋಗದ ಬಗ್ಗೆ ಸ್ವತಃ ನಿರ್ಧಾರ ಕೈಗೊಳ್ಳಲು ವಿದ್ಯಾರ್ಥಿಗಳಿಗೆ ಅವಕಾಶ ನೀಡುವ ಲ್ಯಾಬ್‌ಗಳೇ ಮೇಲು ಎಂಬುದು ಈ ಇಬ್ಬರ ವಾದ.

ತರಗತಿ ಬೋಧನೆಯ ವಿಷಯದಲ್ಲಿಯೂ ಇಂಥದೇ ಚಿತ್ರಣವಿದೆ. ವಿಜ್ಞಾನ, ಗಣಿತ ಹಾಗೂ ಎಂಜಿನಿಯರಿಂಗ್ ಬೋಧನೆ ಕುರಿತ 225 ಅಧ್ಯಯನಗಳನ್ನು ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 2014ರಲ್ಲಿ ಒಟ್ಟಾಗಿ ಪರಿಶೀಲಿಸಿದರು. ಕೇವಲ ಉಪನ್ಯಾಸ ಕೇಳಿದವರಲ್ಲಿ ನೂರಕ್ಕೆ ಸುಮಾರು 34 ಮಂದಿ ಅನುತ್ತೀರ್ಣರಾಗಿದ್ದರೆ, ಪ್ರಶ್ನೆ, ಚರ್ಚೆ, ಗುಂಪು ಚಟುವಟಿಕೆಗಳಲ್ಲಿ ತೊಡಗಿದವರಲ್ಲಿ ಆ ಪ್ರಮಾಣ ಸುಮಾರು 22ಕ್ಕೆ ಇಳಿದಿತ್ತು.

ಆದರೆ ಇಲ್ಲೊಂದು ತೊಡಕಿದೆ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇಂತಹ ತರಗತಿಯಲ್ಲಿ ಹೆಚ್ಚು ಕಲಿತ ವಿದ್ಯಾರ್ಥಿಗಳೇ ತಾವು ಕಡಿಮೆ ಕಲಿತೆವೆಂದು ಭಾವಿಸಿದ್ದರು. ಕಷ್ಟಪಟ್ಟು ಯೋಚಿಸುವುದು ಗೊಂದಲವಾಗಿ ತೋರುತ್ತದೆ. ನಿರರ್ಗಳ ಉಪನ್ಯಾಸ ಅರ್ಥವಾದಂತೆ ತೋರುತ್ತದೆ. ಹೊಸ ವಿಧಾನವನ್ನು ಜಾರಿಗೊಳಿಸುವ ಅಧ್ಯಾಪಕರು ಇದನ್ನು ಮೊದಲೇ ವಿದ್ಯಾರ್ಥಿಗಳಿಗೆ ತಿಳಿಸುವುದು ಒಳಿತು.

ಅಂಕಗಳ ಲೆಕ್ಕಾಚಾರ

ಹಾಗಿದ್ದರೆ ಬದಲಾವಣೆ ಏಕೆ ನಿಧಾನ? ಉತ್ತರ ಬಹುಮಟ್ಟಿಗೆ ಪರೀಕ್ಷಾ ಪದ್ಧತಿಯಲ್ಲಿದೆ. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2022ರ ಪಠ್ಯಕ್ರಮದ ಸಾಮಾನ್ಯ ಸೂಚನೆಯಂತೆ, ಪ್ರಾಯೋಗಿಕ ಪರೀಕ್ಷೆಯಲ್ಲಿ ಪ್ರಯೋಗದ ವಿಧಾನ ಬರೆಯುವುದಕ್ಕೆ ಶೇ 20, ಪ್ರಯೋಗ ನಡೆಸಿ ಫಲಿತಾಂಶ ಪಡೆಯುವುದಕ್ಕೆ ಶೇ 60, ವೈವಾಕ್ಕೆ ಶೇ 20 ಅಂಕ. ಲಾಟರಿಯಂತೆ ಎತ್ತಿದ ಪ್ರಯೋಗವನ್ನು ಒಮ್ಮೆ ಮಾತ್ರ ಬದಲಿಸಬಹುದು. ಬದಲಿಸಿದರೆ ವಿಧಾನ ಬರೆಯುವ ಭಾಗದ ಅಂಕ ಶೂನ್ಯ. ಇಂಥ ಏರ್ಪಾಡಿನಲ್ಲಿ ವಿದ್ಯಾರ್ಥಿಯ ಜಾಣತನವೆಂದರೆ ಎಲ್ಲ ಪ್ರಯೋಗಗಳ ವಿಧಾನವನ್ನು ಕಂಠಪಾಠ ಮಾಡಿ 'ಸರಿಯಾದ' ಫಲಿತಾಂಶ ತೋರಿಸುವುದು.

ಕಾಗದದ ಮೇಲಿನ ಗುರಿ ಮಾತ್ರ ಬೇರೆಯೇ ಇದೆ. ಭಾರತದ ರಾಷ್ಟ್ರೀಯ ಮಾನ್ಯತಾ ಮಂಡಳಿಯು 2014ರ ಜೂನ್‌ನಲ್ಲಿ ವಾಷಿಂಗ್ಟನ್ ಒಪ್ಪಂದದ ಪೂರ್ಣ ಸದಸ್ಯತ್ವ ಪಡೆಯಿತು. ಈ ಮಂಡಳಿ ಪದವೀಧರರಿಂದ ನಿರೀಕ್ಷಿಸುವ ಸಾಮರ್ಥ್ಯಗಳಲ್ಲಿ ಪ್ರಯೋಗವನ್ನು ವಿನ್ಯಾಸಗೊಳಿಸುವುದೂ ಸೇರಿದೆ. ಸಿದ್ಧ ಪ್ರಯೋಗವನ್ನು ಪುನರಾವರ್ತಿಸಿದವರಿಗೆ ಈ ಸಾಮರ್ಥ್ಯ ಬರುವುದಾದರೂ ಹೇಗೆ?

2021ರ ಪಠ್ಯಕ್ರಮದಲ್ಲಿ ವಿಟಿಯು ಕೆಲವು ಮುಖ್ಯ ವಿಷಯಗಳ ಪಾಠ ಮತ್ತು ಲ್ಯಾಬನ್ನು ಒಂದುಗೂಡಿಸಿ, ಲ್ಯಾಬ್ ಭಾಗವನ್ನು ನಿರಂತರ ಆಂತರಿಕ ಮೌಲ್ಯಮಾಪನಕ್ಕೆ ಬಿಟ್ಟಿತು. ಅಧ್ಯಾಪಕರು ಹೊಸ ಬಗೆಯ ಪ್ರಯೋಗ ರೂಪಿಸಲು ಇದೊಂದು ಅವಕಾಶ. ಧಾರಾಳವಾಗಿ ಅಂಕ ಹಂಚಿ ಕೈತೊಳೆದುಕೊಳ್ಳುವ ಅಪಾಯವೂ ಅಷ್ಟೇ ಇದೆ.

ಮಾದರಿಗಳಿವೆ

ಡೆನ್ಮಾರ್ಕಿನ ಆಲ್ಬೋರ್ಗ್ ವಿಶ್ವವಿದ್ಯಾಲಯ 1974ರಲ್ಲಿ ಆರಂಭವಾದಂದಿನಿಂದಲೂ ಸಮಸ್ಯೆ ಆಧಾರಿತ ಕಲಿಕೆಯನ್ನು ಅನುಸರಿಸುತ್ತಿದೆ. ಅಲ್ಲಿ ಸೆಮಿಸ್ಟರ್‌ನ ಸುಮಾರು ಅರ್ಧ ಸಮಯ ತಂಡದ ಪ್ರಾಜೆಕ್ಟ್‌ಗೆ ಮೀಸಲು. ನಮ್ಮಲ್ಲಿ ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯವು ಮೊದಲ ವರ್ಷದ ವಿದ್ಯಾರ್ಥಿಗಳು ಸಮಸ್ಯೆಯನ್ನು ಗುರುತಿಸಿ ಮಾದರಿ ತಯಾರಿಸುವ 'ಎಂಜಿನಿಯರಿಂಗ್ ಎಕ್ಸ್‌ಪ್ಲೊರೇಷನ್' ಎಂಬ ವಿಷಯವನ್ನು ರೂಪಿಸಿದೆ. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ಹಲವು ದಶಕಗಳಿಂದ ಅಂತಿಮ ವರ್ಷದ ಪ್ರಾಜೆಕ್ಟ್‌ಗಳಿಗೆ ಧನಸಹಾಯ ನೀಡುತ್ತ ಬಂದಿದೆ. ಇನ್ನೊಂದೆಡೆ, ಸಿದ್ಧ ಪ್ರಾಜೆಕ್ಟ್‌ಗಳನ್ನು ಮಾರುವ ಅಂಗಡಿಗಳಿಗೂ ನಮ್ಮ ನಗರಗಳಲ್ಲಿ ಗಿರಾಕಿಗಳ ಕೊರತೆಯಿಲ್ಲ ಎಂಬುದು ಗುಟ್ಟೇನಲ್ಲ.

ಮಿತಿಗಳೂ ಉಂಟು. ಹೈವೋಲ್ಟೇಜ್ ಲ್ಯಾಬ್‌ನಲ್ಲಿ ವಿದ್ಯಾರ್ಥಿ ತನಗೆ ತೋಚಿದಂತೆ ನಡೆಯುವಂತಿಲ್ಲ. ಅಲ್ಲಿ ನಿಗದಿತ ವಿಧಾನವೇ ಪ್ರಾಣರಕ್ಷಕ. ಹೊಸಬರಿಗೆ ಉಪಕರಣ ಹಿಡಿಯುವುದನ್ನು ಮೊದಲು ಹೇಳಿಕೊಡಲೇಬೇಕು. ಹತ್ತು ತಂಡಗಳು ಹತ್ತು ದಾರಿ ಹಿಡಿದಾಗ ಎಲ್ಲವನ್ನೂ ಕೂತು ಪರಿಶೀಲಿಸಲು ಅಧ್ಯಾಪಕರಿಗೆ ಸಮಯ ಬೇಕು. ಹೀಗಾಗಿ ಸೆಮಿಸ್ಟರ್‌ಗೆ ಹತ್ತು ಹನ್ನೆರಡು ಸಿದ್ಧ ಪ್ರಯೋಗಗಳಿರುವಲ್ಲಿ ಎರಡನ್ನಾದರೂ ಮುಕ್ತವಾಗಿ ಬಿಟ್ಟು, ಬಂದ ಉತ್ತರಕ್ಕಿಂತ ತಪ್ಪಿಗೆ ನೀಡಿದ ವಿವರಣೆಗೆ ಹೆಚ್ಚು ಅಂಕ ಕೊಡುವುದು ಕಾರ್ಯಸಾಧ್ಯವಾದ ಆರಂಭ.

ಸಿಇಟಿ ಸೀಟು ಆಯ್ಕೆಯ ವೇಳೆ ಕಾಲೇಜುಗಳಿಗೆ ಭೇಟಿ ನೀಡುವ ಪೋಷಕರು ಲ್ಯಾಬ್‌ನ ವಿಸ್ತೀರ್ಣ, ಕಂಪ್ಯೂಟರುಗಳ ಸಂಖ್ಯೆಯನ್ನಷ್ಟೇ ವಿಚಾರಿಸುವುದು ರೂಢಿ. ಅಲ್ಲಿನ ಎರಡನೇ ವರ್ಷದ ವಿದ್ಯಾರ್ಥಿಯೊಬ್ಬರನ್ನು ಮಾತನಾಡಿಸಿ, ಪ್ರಯೋಗದಲ್ಲಿ ಉತ್ತರ ತಪ್ಪಿದರೆ ಏನು ಮಾಡುತ್ತೀರಿ ಎಂದು ಕೇಳುವುದು ಮೇಲು. ಆ ಕಾಲೇಜಿನಲ್ಲಿ ಕಲಿಕೆ ಹೇಗಿದೆ ಎಂಬುದು ಆ ಒಂದು ಉತ್ತರದಲ್ಲಿಯೇ ಬಹುಪಾಲು ತಿಳಿಯುತ್ತದೆ.