ನಾಲ್ಕು ಪಥದ ಹೆದ್ದಾರಿ, ಒಂದೇ ಸೇತುವೆ: ಕಾಳಿ ಹೊಳೆಯ ಮೇಲಿನ ಲೆಕ್ಕ

ಇವತ್ತು ರಾಷ್ಟ್ರೀಯ ಹೆದ್ದಾರಿ 66ರ ಬಗ್ಗೆ ಮಾತಾಡೋಣ. ಪನ್ವೇಲ್‌ನಿಂದ ಕನ್ಯಾಕುಮಾರಿವರೆಗೆ ಕರಾವಳಿಗುಂಟ ಹೋಗೋ ರಸ್ತೆ ಇದು. ನಮ್ಮ ಕರಾವಳಿಯ ಹಿರಿಯರ ಬಾಯಲ್ಲಿ ಇದು ಇನ್ನೂ 'ಎನ್‌ಎಚ್ 17'.

2024ರ ಆಗಸ್ಟ್ 7ರ ನಸುಕಿನ ಒಂದು ಗಂಟೆ ಸುಮಾರಿಗೆ ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಹಳೇ ಕಾಳಿ ಸೇತುವೆ ಕುಸಿಯಿತು. ಗೋವಾ ಕಡೆಯಿಂದ ಬರ್ತಿದ್ದ ಲಾರಿಯೊಂದು ಹೊಳೆಗೆ ಬಿತ್ತು. ಪುಣ್ಯಕ್ಕೆ ಚಾಲಕನನ್ನ ಜೀವಂತವಾಗಿ ಮೇಲೆತ್ತಿದರು. ಸೇತುವೆಗೆ ಆಗಲೇ ನಲವತ್ತು ವರ್ಷ ದಾಟಿತ್ತು.

ಈಗ ನೀವು ಕೇಳಬಹುದು: ಹೆದ್ದಾರಿಯನ್ನ ನಾಲ್ಕು ಪಥ ಮಾಡಿದ್ರಲ್ಲ, ಪಕ್ಕದಲ್ಲೇ ಹೊಸ ಸೇತುವೆ ಬಂದಿತ್ತಲ್ಲ, ಹಳೇದರ ಮೇಲೆ ಲಾರಿ ಯಾಕಿತ್ತು? ಅಗಲೀಕರಣದ ಗುಟ್ಟು ಇರೋದೇ ಇಲ್ಲಿ. ಹೊಸ ಸೇತುವೆ ಬಂದದ್ದು ಹಳೇದರ ಬದಲಿಗೆ ಅಲ್ಲ, ಜೊತೆಗೆ. ಹೋಗೋಕೆ ಒಂದು, ಬರೋಕೆ ಇನ್ನೊಂದು. ಎರಡೂ ಸೇರಿದ್ರೆ ನಕ್ಷೆಯಲ್ಲಿ ನಾಲ್ಕು ಪಥ. ಖರ್ಚು ಉಳಿಯುತ್ತೆ, ಹಾಗಾಗಿ ದೇಶದ ತುಂಬ ಹೀಗೇ ಮಾಡ್ತಾರೆ. ಆದ್ರೆ ಹಳೇ ಅರ್ಧ ಬಿದ್ದ ದಿನ ಇಡೀ ಹೆದ್ದಾರಿ ಆ ಜಾಗದಲ್ಲಿ ಮತ್ತೆ ಎರಡು ಪಥಕ್ಕೆ ಇಳಿಯುತ್ತೆ. ಆಗಿದ್ದೂ ಅದೇ: ಹೋಗೋ ಬರೋ ವಾಹನಗಳೆಲ್ಲ ಹೊಸ ಸೇತುವೆಯ ಮೇಲೆ. ರಸ್ತೆ ಎಷ್ಟೇ ಅಗಲ ಇರಲಿ, ಅದು ಎಷ್ಟು ವಾಹನ ಹೊರಬಲ್ಲದು ಅನ್ನೋದನ್ನ ತೀರ್ಮಾನಿಸೋದು ಅದರ ಅತೀ ಕಿರಿದಾದ ಜಾಗ.

ಸಮುದ್ರದ ಪಕ್ಕದ ಸೇತುವೆಗೆ ವಯಸ್ಸು ಬೇಗ ಆಗುತ್ತೆ. ಕಾಳಿಯ ಕೊನೆಯ ಭಾಗದಲ್ಲಿ ಭರತದ ಉಪ್ಪುನೀರು ಒಳಗೆ ನುಗ್ಗುತ್ತೆ. ಉಪ್ಪಿನಂಶ ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣದ ಸರಳಿಗೆ ತುಕ್ಕು ಹಿಡಿಸುತ್ತೆ. ತುಕ್ಕು ಹಿಡಿದ ಸರಳು ಉಬ್ಬುತ್ತೆ, ಸುತ್ತಲಿನ ಕಾಂಕ್ರೀಟ್ ಒಡೆಯುತ್ತೆ. ಇನ್ನು ನೀರಿನಡಿ ಇನ್ನೊಂದು ಕೆಲಸ ನಡೀತಿರುತ್ತೆ. ಕಂಬಕ್ಕೆ ಬಡಿದ ಪ್ರವಾಹ ಸುಳಿ ತಿರುಗಿ ಬುಡದ ಮರಳನ್ನ ಕೆರೆದು ಒಯ್ಯುತ್ತೆ. ಮಳೆಗಾಲದಲ್ಲಿ ಮೇಲಿನ ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ಹರಿವಿನ ರಭಸ ಇನ್ನೂ ಹೆಚ್ಚು. ಇದ್ಯಾವುದೂ ಸೇತುವೆ ಮೇಲೆ ಕಾರಲ್ಲಿ ಹೋಗೋರಿಗೆ ಕಾಣಲ್ಲ, ಮುಳುಗುಗಾರರು ನೀರಿಗಿಳಿದೇ ನೋಡಬೇಕು.

ಗುಡ್ಡದ ಕಥೆ ಬೇರೆ, ಆದ್ರೆ ರಸ್ತೆ ಅದೇ. ಸೇತುವೆ ಬೀಳೋಕೆ ಮೂರು ವಾರ ಮೊದಲು, ಜುಲೈ 16ರಂದು, ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜಾರಿ ಹೆದ್ದಾರಿ ಮೇಲೆ ಬಂತು. ರಸ್ತೆ ಬದಿಯ ಚಹಾದಂಗಡಿ, ಅಲ್ಲಿ ನಿಂತಿದ್ದ ವಾಹನಗಳು, ಎಲ್ಲ ಮಣ್ಣಿನ ಜೊತೆ ಗಂಗಾವಳಿ ಹೊಳೆಗೆ ಹೋದವು. ಆ ಮಣ್ಣು ಬಿದ್ದ ರಭಸಕ್ಕೆ ಎದ್ದ ನೀರು ಎದುರು ದಡದ ಉಳುವರೆ ಊರಿನ ಮನೆಗಳಿಗೆ ಅಪ್ಪಳಿಸಿತು. ಸತ್ತವರು, ನಾಪತ್ತೆಯಾದವರು ಸೇರಿ 11 ಜನ. ಕೇರಳದ ಚಾಲಕನೊಬ್ಬನ ಲಾರಿ ಹೊಳೆಯಿಂದ ಮೇಲೆ ಬರೋಕೆ ಸೆಪ್ಟೆಂಬರ್ 25 ಆಗಬೇಕಾಯ್ತು.

ಜೋರು ಮಳೆ ಇತ್ತು, ಸರಿ. ಮಳೆಯೊಂದರ ಮೇಲೇ ಎಲ್ಲ ಹೊರಿಸೋದನ್ನ ಮಾತ್ರ ನಾನು ಒಪ್ಪಲ್ಲ, ಕರಾವಳಿಗೆ ಮಳೆ ಏನು ಹೊಸದಾ? ಒಂದು ಸಣ್ಣ ಲೆಕ್ಕ ಮಾಡಿ. ರಸ್ತೆಗಾಗಿ 20 ಮೀಟರ್ ಎತ್ತರದ ಗುಡ್ಡ ಕಡಿಯಬೇಕು ಅಂದ್ಕೊಳ್ಳಿ. 45 ಡಿಗ್ರಿ ಇಳಿಜಾರಾಗಿ ಕಡಿದ್ರೆ ರಸ್ತೆಯಂಚಿನಿಂದ ಇನ್ನೂ 20 ಮೀಟರ್ ಒಳಗೆ ಹೋಗಬೇಕು. ಅಷ್ಟು ಜಾಗ ಭೂಸ್ವಾಧೀನ ಆಗಬೇಕು, ಪರಿಹಾರ ಕೊಡಬೇಕು. ಗೋಡೆಯ ಹಾಗೆ ನೆಟ್ಟಗೆ ಕಡಿದ್ರೆ ಹೆಚ್ಚುವರಿ ಜಾಗವೇ ಬೇಡ! ನಮ್ಮ ಕರಾವಳಿಯಲ್ಲಿ ಹೆದ್ದಾರಿ ಪಕ್ಕ ಕೆಂಪು ಮಣ್ಣು ಗೋಡೆಯಂತೆ ನಿಂತಿರೋದನ್ನ ಕಂಡಾಗೆಲ್ಲ ನನಗೆ ಈ ಲೆಕ್ಕವೇ ನೆನಪಾಗೋದು. ಬುಡ ಕಡಿದ ಗುಡ್ಡದೊಳಗೆ ಮಳೆನೀರು ಇಳಿದಾಗ ಮಣ್ಣಿನ ತೂಕ ಹೆಚ್ಚುತ್ತೆ, ಕಣಗಳ ನಡುವಿನ ಹಿಡಿತ ಸಡಿಲ ಆಗುತ್ತೆ. ಕೆಳಗೆ ಆಸರೆಯೂ ಇಲ್ಲ.

ಹಾಗಂತ ಅಗಲೀಕರಣವೇ ಬೇಡ ಅಂತ ನಾನು ಹೇಳ್ತಿಲ್ಲ. ಎರಡು ಪಥದ ತಿರುವಿನಲ್ಲಿ ಟ್ಯಾಂಕರ್ ಹಿಂದಿಕ್ಕೋಕೆ ಹೋಗಿ ಮುಖಾಮುಖಿ ಡಿಕ್ಕಿ ಆಗೋದು ತಪ್ಪಬೇಕು, ಆಂಬುಲೆನ್ಸ್ ಹೊತ್ತಿಗೆ ಸರಿಯಾಗಿ ಆಸ್ಪತ್ರೆ ಮುಟ್ಟಬೇಕು. ಪ್ರಶ್ನೆ ಇರೋದು ಲೆಕ್ಕಪತ್ರದಲ್ಲಿ ಏನನ್ನ ಎಣಿಸ್ತಾರೆ ಅನ್ನೋದು.

ಕಾನೂನು ಏನನ್ನುತ್ತೆ? ಪರಿಸರ ಪರಿಣಾಮ ಅಂದಾಜು ಅಧಿಸೂಚನೆ ಬಂದದ್ದು 2006ರಲ್ಲಿ. ಆಗ 30 ಕಿಲೋಮೀಟರ್‌ಗಿಂತ ಉದ್ದದ, 20 ಮೀಟರ್‌ಗಿಂತ ಹೆಚ್ಚು ಅಗಲದ ಹೊಸ ಜಾಗ ಬೇಡುವ ರಾಷ್ಟ್ರೀಯ ಹೆದ್ದಾರಿ ವಿಸ್ತರಣೆಗೆ ಪರಿಸರ ಅನುಮತಿ ಬೇಕಿತ್ತು. 2013ರಲ್ಲಿ ಈ ಮಿತಿಯನ್ನ 100 ಕಿಲೋಮೀಟರ್‌ಗೆ ಏರಿಸಿದರು. ಈಗಿರುವ ರಸ್ತೆಗುಂಟ ಆದ್ರೆ 40 ಮೀಟರ್, ಹೊಸ ದಾರಿ ಅಥವಾ ಬೈಪಾಸ್ ಆದ್ರೆ 60 ಮೀಟರ್‌ಗಿಂತ ಹೆಚ್ಚು ಜಾಗ ಬೇಕಾದಾಗ ಮಾತ್ರ. ಹೊಸದಾಗಿ ಭೂಮಿಯನ್ನೇ ತಗೊಳ್ಳದ ವಿಸ್ತರಣೆಗೆ ಸಾರ್ವಜನಿಕ ಅಹವಾಲು ಸಭೆಯೂ ಬೇಕಿಲ್ಲ. ಅಂದ್ರೆ ಕಡಿಮೆ ಜಾಗ ತಗೊಂಡಷ್ಟೂ ಪ್ರಶ್ನೆಗಳು ಕಡಿಮೆ. ಅದೇ ಕಡಿಮೆ ಜಾಗದಲ್ಲಿ ಗುಡ್ಡ ನೆಟ್ಟಗೆ ನಿಲ್ಲುತ್ತೆ.

ಭರತದ ನೀರು ಬರೋ ಹೊಳೆಗೆ ಸೇತುವೆ ಕಟ್ಟಬೇಕಾದ್ರೆ ಸಿಆರ್‌ಝಡ್ ಅನುಮತಿ ಬೇಕು. ಅಲ್ಲಿ ನಾನು ಮೊದಲು ನೋಡೋದು ಕಾಮಗಾರಿ ವಿಧಾನ. ಯಂತ್ರಗಳು ಹೋಗೋಕೆ ಹೊಳೆಯೊಳಗೆ ತಾತ್ಕಾಲಿಕವಾಗಿ ಮಣ್ಣು ಸುರಿದು ದಾರಿ ಮಾಡ್ತಾರೆ. ಕೆಲಸ ಮುಗಿದ ಮೇಲೆ ಅದನ್ನ ಪೂರ್ತಿ ತೆಗೀದೇ ಬಿಟ್ರೆ ಹರಿವು ಒಂದೇ ಕಡೆ ತಿರುಗಿ ಇನ್ನೊಂದು ದಡವನ್ನ ಕೊರೆಯುತ್ತೆ. ಹೂಳು ಕೂತ ಜಾಗದಲ್ಲಿ ಚಿಪ್ಪುಜೀವಿಗಳು ಉಸಿರುಗಟ್ಟಿ ಸಾಯ್ತವೆ. ಬಳಚು ಹೆಕ್ಕಿ ಮಾರಿ ಜೀವನ ಮಾಡೋ ಹೆಂಗಸರಿಗೆ ಅದು ದಿನದ ಕೂಲಿ. ಬಿದ್ದ ಸೇತುವೆಯ ಕಾಂಕ್ರೀಟಿಗೂ ಇದೇ ಮಾತು, ನೀರಿನಡಿ ಉಳಿದ ಒಂದು ತುಂಡು ಸಾಕು, ದೋಣಿಯ ತಳ ಒಡೆಯೋಕೆ.

ನಿಮ್ಮೂರಿನ ಹೆದ್ದಾರಿ ಯೋಜನೆಗೆ ಅಹವಾಲು ಸಭೆ ಇದ್ರೆ ಕನಿಷ್ಠ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತೆ. ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಸಿಕ್ಕರೆ ಮೂರು ವಿಷಯ ಹುಡುಕಿ: ಗುಡ್ಡವನ್ನ ಎಷ್ಟು ಡಿಗ್ರಿಗೆ ಕಡೀತಾರೆ, ಹೊಳೆಗೆ ಹಾಕಿದ ಮಣ್ಣನ್ನ ಯಾವಾಗ ತೆಗೀತಾರೆ, ಹಳೇ ಸೇತುವೆಯನ್ನ ಇನ್ನೆಷ್ಟು ವರ್ಷ ಬಳಸ್ತಾರೆ. ಆ ಪುಟದ ಫೋಟೊ ತೆಗೆದು ನಮಗೆ ಕಳಿಸಿ, ಮುಂದಿನ ಕಂತಿನಲ್ಲಿ ಒಟ್ಟಿಗೆ ಓದೋಣ.