ಸಾಲ ಮಹಿಳೆಯ ಹೆಸರಿನಲ್ಲಿ, ಹಣ ಯಾರ ಕೈಯಲ್ಲಿ?

1976. ಬಾಂಗ್ಲಾದೇಶದ ಚಿತ್ತಗಾಂಗ್ ಬಳಿಯ ಜೋಬ್ರಾ ಗ್ರಾಮ. ಬಿದಿರಿನ ಸ್ಟೂಲು ಮಾಡುವ ಬಡ ಮಹಿಳೆಗೆ ಬಿದಿರು ಕೊಳ್ಳಲು ಹಣವಿಲ್ಲ. ವ್ಯಾಪಾರಿ ಸಾಲ ಕೊಡುತ್ತಿದ್ದ. ಸ್ಟೂಲನ್ನು ಮಾತ್ರ ಅವನು ಹೇಳಿದ ಬೆಲೆಗೆ ಅವನಿಗೇ ಮಾರಬೇಕು. ದುಡಿಮೆ ಅವಳದು, ಲಾಭ ಅವನದು. ಅರ್ಥಶಾಸ್ತ್ರದ ಪ್ರಾಧ್ಯಾಪಕ ಮುಹಮ್ಮದ್ ಯೂನುಸ್ ಲೆಕ್ಕ ಹಾಕಿಸಿದಾಗ ಇಂತಹ 42 ಮಂದಿಯ ಒಟ್ಟು ಸಾಲ ಸುಮಾರು 27 ಡಾಲರ್, ಅಷ್ಟೇ! ಅದನ್ನು ಅವರು ತಮ್ಮ ಕಿಸೆಯಿಂದಲೇ ಕೊಟ್ಟರು.

ಈ ಪ್ರಯತ್ನ 1983ರಲ್ಲಿ ಗ್ರಾಮೀಣ ಬ್ಯಾಂಕ್ ಆಯಿತು. ಅಡಮಾನವಿಲ್ಲ, ಐವರ ಗುಂಪು, ವಾರದ ಕಂತು. ಸಾಲಗಾರರಲ್ಲಿ ಬಹುಪಾಲು ಮಹಿಳೆಯರು. 2006ರಲ್ಲಿ ಬ್ಯಾಂಕಿಗೂ ಯೂನುಸರಿಗೂ ನೊಬೆಲ್ ಶಾಂತಿ ಪ್ರಶಸ್ತಿ ಬಂತು.

ಆದರೆ ಸಾಲ ಸಿಕ್ಕಿದ ಮಾತ್ರಕ್ಕೆ ಸಬಲೀಕರಣವಾಯಿತು ಎನ್ನುವುದು ಅವಸರದ ಮಾತು. ಬಾಂಗ್ಲಾದೇಶದ ಗ್ರಾಮೀಣ ಸಾಲದ ಕುರಿತು ಗೋಯೆಟ್ಸ್ ಮತ್ತು ಸೇನ್‌ಗುಪ್ತಾ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅನೇಕ ಮಹಿಳೆಯರ ಸಾಲವನ್ನು ಬಳಸುತ್ತಿದ್ದವರು ಮನೆಯ ಗಂಡಸರೇ. ಕಂತಿನ ಹೊಣೆ ಮಾತ್ರ ಆಕೆಯದು. ಒಬ್ಬಳು ತಪ್ಪಿದರೆ ಉಳಿದವರ ಸಾಲವೂ ನಿಲ್ಲುವ ಪದ್ಧತಿಯಲ್ಲಿ ನೆರೆಯವಳೇ ವಸೂಲಿಗೆ ನಿಲ್ಲಬೇಕಾಗುತ್ತದೆ.

ನಮ್ಮ ಧರ್ಮಕೇಂದ್ರಗಳಲ್ಲಿ ಸ್ವಸಹಾಯ ಸಂಘಗಳನ್ನು ನೋಡಿಕೊಳ್ಳುವವರು ಮರುಪಾವತಿಯ ಲೆಕ್ಕದ ಜೊತೆಗೆ ಇನ್ನೆರಡನ್ನು ಕೇಳಿ ಬರೆದಿಡಬೇಕು: ಹಣವನ್ನು ಯಾರು ಬಳಸಿದರು? ಈ ವಾರದ ಕಂತು ದುಡಿಮೆಯಿಂದ ಬಂತೋ, ಇನ್ನೊಂದು ಸಾಲದಿಂದಲೋ?