ಹಿಮನದಿಯ ಪಾಠಶಾಲೆಗೆ ಹೋದ ಹುಡುಗಿ

ನಮ್ಮ ಶಾಲೆಯಲ್ಲಿ ಕಲಿತುಹೋದ ಮಕ್ಕಳು ಹಳೆಯ ಮುಖ್ಯೋಪಾಧ್ಯಾಯನನ್ನು ಹುಡುಕಿಕೊಂಡು ಮನೆಗೆ ಬರುವುದು ಸಾಮಾನ್ಯವಾಗಿ ಎರಡೇ ಕಾರಣಗಳಿಗಾಗಿ. ಒಂದು ನಡತೆಯ ಪ್ರಮಾಣಪತ್ರ, ಇನ್ನೊಂದು ಮದುವೆಯ ಕರೆಯೋಲೆ. ಎರಡು ವರ್ಷಗಳ ಹಿಂದಿನ ಮಳೆಗಾಲದಲ್ಲಿ ಒಂದು ಸಂಜೆ ನಮ್ಮ ಜಗಲಿಯಲ್ಲಿ ಬಂದು ಕುಳಿತ ಹುಡುಗಿಗೆ ಇವೆರಡೂ ಬೇಕಾಗಿರಲಿಲ್ಲ. “ಮಾಷ್ಟ್ರೇ, ನನಗೆ ಉತ್ತರಕಾಶಿಗೆ ಹೋಗಬೇಕು. ಅಮ್ಮನಿಗೆ ನೀವೊಂದು ಮಾತು ಹೇಳಬೇಕು” ಎಂದಳು. ತೀರ್ಥಯಾತ್ರೆಯಾಗಿರಬಹುದೆಂದು ಭಾವಿಸಿ, ಅದಕ್ಕೆ ನನ್ನ ಶಿಫಾರಸು ಏಕೆ ಎಂದು ಕೇಳಿದೆ. ಅವಳು ಹೊರಟದ್ದು ಹಿಮನದಿಯ ಮೇಲೆ ನಡೆಯುವುದನ್ನು ಕಲಿಯಲು.

ಪರ್ವತಾರೋಹಣವೆಂಬುದು ಸಾಹಸಿಗಳ ಹುಚ್ಚು, ಅದಕ್ಕೊಂದು ಪಠ್ಯಕ್ರಮವಿರಲಾರದು ಎಂಬುದು ಅದುವರೆಗಿನ ನನ್ನ ತಿಳಿವಳಿಕೆ. ಅದು ತಪ್ಪು. 1953ರ ಮೇ 29ರಂದು ತೇನ್‌ಸಿಂಗ್ ಮತ್ತು ಹಿಲರಿ ಎವರೆಸ್ಟ್ ಏರಿದ ಮರುವರ್ಷವೇ ಡಾರ್ಜಿಲಿಂಗ್‌ನಲ್ಲಿ ಹಿಮಾಲಯನ್ ಪರ್ವತಾರೋಹಣ ಸಂಸ್ಥೆ ಆರಂಭವಾಯಿತು. ತೇನ್‌ಸಿಂಗರೇ ಅಲ್ಲಿ ಕ್ಷೇತ್ರಶಿಕ್ಷಣದ ಪ್ರಥಮ ನಿರ್ದೇಶಕರಾದರು. 1965ರಲ್ಲಿ ಭಾಗೀರಥಿಯ ದಡದ ಉತ್ತರಕಾಶಿಯಲ್ಲಿ ನೆಹರೂ ಪರ್ವತಾರೋಹಣ ಸಂಸ್ಥೆ ಹುಟ್ಟಿತು. ಭಾರತದ ಮಹಿಳೆಯರಲ್ಲಿ ಮೊತ್ತಮೊದಲು, 1984ರ ಮೇ 23ರಂದು, ಎವರೆಸ್ಟ್ ಏರಿದ ಬಚೇಂದ್ರಿ ಪಾಲ್ ಅದೇ ಉತ್ತರಕಾಶಿ ಜಿಲ್ಲೆಯವರು. ಈ ಸಂಸ್ಥೆಯಲ್ಲಿ ಕಲಿತವರು. ಅವರು ಬಿ.ಎಡ್. ಪದವೀಧರೆ ಎಂದು ತಿಳಿದಾಗ, ಅಧ್ಯಾಪಕರ ತರಬೇತಿ ಪಡೆದ ನನಗೆ ಕಾರಣವಿಲ್ಲದೆ ಹೆಮ್ಮೆಯೆನಿಸಿತು.

ಪ್ರಾರಂಭಿಕರ ಶಿಕ್ಷಣದ ಅವಧಿ 28 ದಿನ. ಆದರೆ ಹುಡುಗಿಯ ತಾಯಿಯನ್ನು ಒಪ್ಪಿಸಲು ಅದಕ್ಕಿಂತ ಹೆಚ್ಚು ದಿನಗಳೇ ಬೇಕಾದವು. ಅವರು ಒಂದೇ ಪ್ರಶ್ನೆ ಕೇಳಿದರು: “ಹಿಮದ ಅಡಿಯಲ್ಲಿ ಮಕ್ಕಳು ಸಿಕ್ಕಿಬಿದ್ದದ್ದು ಅಲ್ಲಿಯೇ ಅಲ್ಲವೇ, ಮಾಷ್ಟ್ರೇ?”

ಹೌದು. 2022ರ ಅಕ್ಟೋಬರ್ 4ರಂದು ದ್ರೌಪದಿ ಕಾ ದಂಡಾ ಎಂಬ ಶಿಖರದಲ್ಲಿ ಹಿಮಪಾತವಾಗಿ ಅದೇ ಸಂಸ್ಥೆಯ ಶಿಕ್ಷಣಾರ್ಥಿಗಳೂ ಶಿಕ್ಷಕರೂ ಸೇರಿ ಇಪ್ಪತ್ತೈದಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಅದೇ ವರ್ಷ ಎವರೆಸ್ಟ್ ಏರಿ ಬಂದಿದ್ದ ಸವಿತಾ ಕಂಸ್ವಾಲ್ ಎಂಬ ಯುವ ಶಿಕ್ಷಕಿಯೂ ಅವರಲ್ಲಿ ಒಬ್ಬರು. ಅದು ಮೇಲಿನ ತರಗತಿಯವರ ಶಿಖರಾರೋಹಣ, ಪ್ರಾರಂಭಿಕರು ಅಷ್ಟು ಎತ್ತರಕ್ಕೆ ಹೋಗುವುದಿಲ್ಲ ಎಂದು ವಿವರಿಸಿದೆ. ಅಪಾಯವೇ ಇಲ್ಲವೆಂದು ಮಾತ್ರ ಹೇಳಲಿಲ್ಲ. ಆ ತಾಯಿಗೆ ಸುಳ್ಳು ಹೇಳಿ ಒಪ್ಪಿಗೆ ಪಡೆದಿದ್ದರೆ ಆ 28 ದಿನ ನನಗೆ ನಿದ್ದೆ ಬರುತ್ತಿರಲಿಲ್ಲ. ಕೊನೆಗೆ ಅವರು, “ಹೋಗಲಿ, ಹೋಗುವವಳು ತಯಾರಾಗಿ ಹೋಗಲಿ” ಎಂದರು.

ತಯಾರಿ ಎಂದರೆ ಏನು? ಸ್ಥಳ ಕಾಯ್ದಿರಿಸುವುದು, ವೈದ್ಯರ ಪ್ರಮಾಣಪತ್ರ, ರೈಲು ಟಿಕೆಟು ಇತ್ಯಾದಿಗಳನ್ನು ಅವಳೇ ನೋಡಿಕೊಂಡಳು. ಇಂತಹ ಶಿಕ್ಷಣಕ್ಕೆ ಬಹಳ ತಿಂಗಳು ಮೊದಲೇ ಅರ್ಜಿ ಹಾಕದಿದ್ದರೆ ಎಡೆ ಸಿಗುವುದು ಕಷ್ಟ ಎಂಬುದನ್ನು ಆಸಕ್ತರು ಗಮನದಲ್ಲಿಟ್ಟುಕೊಳ್ಳಬೇಕು. ಬೂಟು, ಹಿಮಗೊಡಲಿ, ಮಲಗುವ ಚೀಲ ಮೊದಲಾದ ದುಬಾರಿ ಸಾಮಗ್ರಿಗಳನ್ನು ಸಂಸ್ಥೆಯೇ ಒದಗಿಸುತ್ತದೆ. ಒದಗಿಸದೆ ಇರುವುದು ಕಾಲಿನ ಬಲ ಮತ್ತು ಎದೆಯ ಉಸಿರು. ಅವನ್ನು ಮನೆಯಿಂದಲೇ ಒಯ್ಯಬೇಕು.

ಸಮುದ್ರದ ಮಗ್ಗುಲಲ್ಲಿ ಬೆಳೆದ ಕಾಸರಗೋಡಿನ ಹುಡುಗಿ ಹಿಮವನ್ನು ಎಲ್ಲಿಂದ ತರಬೇಕು? ನಮಗಿರುವುದು ಪೊಸಡಿ ಗುಂಪೆ, ಹೆಚ್ಚೆಂದರೆ ಸಾವಿರ ಅಡಿಯ ಆಸುಪಾಸು. ಆರು ತಿಂಗಳ ಕಾಲ ವಾರಕ್ಕೆರಡು ಸಲ ಅವಳು ಅದನ್ನು ಹತ್ತಿ ಇಳಿದಳು. ಬೆನ್ನಚೀಲದಲ್ಲಿ ಮೊದಲು ಐದು ಕಿಲೋ ಭಾರ. ಎರಡೆರಡು ವಾರಕ್ಕೊಮ್ಮೆ ಸ್ವಲ್ಪಸ್ವಲ್ಪ ಏರಿಸಿ ಕೊನೆಗೆ ಹದಿನೈದು ಕಿಲೋ. ಭಾರವೆಂದರೆ ಕಲ್ಲಲ್ಲ, ಕ್ಯಾನುಗಳಲ್ಲಿ ತುಂಬಿದ ಬಾವಿಯ ನೀರು. ಮೇಲೆ ತಲುಪಿದ ಮೇಲೆ ಅದನ್ನು ಚೆಲ್ಲಿ ಹಗುರವಾಗಿ ಇಳಿಯುವುದು. ಹತ್ತುವಾಗ ಬಲಿಯುವುದು ಸ್ನಾಯು, ಭಾರ ಹೊತ್ತು ಇಳಿಯುವಾಗ ಸವೆಯುವುದು ಮೊಣಗಂಟು. ಈ ಉಪಾಯದಿಂದ ಅಲ್ಲಿಯ ಒಣಹುಲ್ಲಿಗೂ ವಾರಕ್ಕೆರಡು ಸಲ ನೀರು ಸಿಕ್ಕಿತು! ಉಳಿದ ದಿನಗಳಲ್ಲಿ ಬೆಳಿಗ್ಗೆ ಐದು ಕಿಲೋಮೀಟರ್ ಓಟ, ಒಂದು ದಿನ ಪೂರ್ಣ ವಿಶ್ರಾಂತಿ. ಹೊರಡುವ ಹಿಂದಿನ ವಾರ ಭಾರ ಹೊರುವುದೇ ಇಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆಗೆಟ್ಟು ಓದುವವರಿಗೆ ನಾನು ಹೇಳುವ ಬುದ್ಧಿಮಾತು ಇಲ್ಲಿಯೂ ಸಲ್ಲುತ್ತದೆ.

ಇನ್ನೊಂದು ತಯಾರಿ ನನ್ನ ಪಾಲಿಗೆ ಬಂತು. ಅಲ್ಲಿ ಶಿಕ್ಷಕರು ಬಹುಮಟ್ಟಿಗೆ ಹಿಂದಿಯಲ್ಲಿ ಮಾತನಾಡುತ್ತಾರೆ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ, ಆಟದ ಬಯಲಿನಲ್ಲಿ ತುಳು ಎಂದು ಮೂರು ದೋಣಿಯಲ್ಲಿ ಕಾಲಿಟ್ಟು ಬೆಳೆಯುವ ನಮ್ಮ ಮಕ್ಕಳಿಗೆ ನಾಲ್ಕನೆಯದು ಕಷ್ಟವಲ್ಲ. ಆದರೆ ಹಗ್ಗದ ತುದಿಯಲ್ಲಿ ನಿಂತಾಗ ‘ಸಡಿಲಿಸು’ ಎಂಬುದಕ್ಕೂ ‘ಬಿಗಿಹಿಡಿ’ ಎಂಬುದಕ್ಕೂ ವ್ಯತ್ಯಾಸ ಕ್ಷಣದಲ್ಲಿ ತಿಳಿಯಬೇಕು. ಎರಡು ತಿಂಗಳು ಸಂಜೆಯ ಹೊತ್ತು ಹಿಂದಿ ಪಾಠ ನಡೆಯಿತು. ಅದರ ನಡುವೆ ಅವಳು ಗಂಟುಗಳನ್ನೂ ಅಭ್ಯಾಸ ಮಾಡುತ್ತಿದ್ದಳು. ಒಂದು ದಿನ, ಎಳೆದಷ್ಟೂ ಬಿಗಿಯಾಗದ ಕುಣಿಕೆಯೊಂದನ್ನು ಹಾಕಿ ತೋರಿಸಿದಾಗ ಅವಳ ತಾಯಿ ನಕ್ಕುಬಿಟ್ಟರು: “ಇದು ಕರುವಿನ ಕೊರಳಿಗೆ ಹಾಕುವ ಗಂಟಲ್ಲವೇ! ಇದನ್ನು ಕಲಿಯಲು ಹಿಮಾಲಯಕ್ಕೆ ಹೋಗಬೇಕೇ?”

ತಿಳಿದುದರಿಂದ ತಿಳಿಯದುದರ ಕಡೆಗೆ ಸಾಗಬೇಕೆಂದು ತರಬೇತಿ ಶಾಲೆಯಲ್ಲಿ ನಮಗೆ ಕಲಿಸಿದ್ದರು. ಉತ್ತರಕಾಶಿಯ ಪಾಠಕ್ರಮ ಅದನ್ನೇ ಅನುಸರಿಸುತ್ತದೆ. ಮೊದಲು ವ್ಯಾಯಾಮ, ಗಂಟುಗಳು, ಸಾಮಗ್ರಿಗಳ ಪರಿಚಯ. ಅನಂತರ ಸಮೀಪದ ತೆಖಲಾದ ಬಂಡೆಗಳಲ್ಲಿ ಏರುವ, ಹಗ್ಗ ಹಿಡಿದು ಇಳಿಯುವ ಅಭ್ಯಾಸ. ಆಮೇಲೆ ಭುಕ್ಕಿ ಗ್ರಾಮದಿಂದ ಹೊರೆ ಹೊತ್ತು, ಘಟ್ಟಘಟ್ಟವಾಗಿ ತಂಗುತ್ತ, ಡೋಕ್ರಿಯಾನಿ ಬಾಮಕ್ ಎಂಬ ಹಿಮನದಿಯ ಕಡೆಗೆ. ‘ಬಾಮಕ್’ ಎಂದರೆ ಗಢವಾಲಿ ಭಾಷೆಯಲ್ಲಿ ಹಿಮನದಿ.

ನದಿ ಎಂದ ಮಾತ್ರಕ್ಕೆ ನೀರು ಹರಿಯುವ ನದಿಯೆಂದು ತಿಳಿಯಬಾರದು. ವರ್ಷವರ್ಷವೂ ಬಿದ್ದ ಹಿಮ ಒಂದರ ಮೇಲೊಂದು ಒತ್ತಿ ಗಟ್ಟಿ ಮಂಜುಗಡ್ಡೆಯಾಗಿ, ತನ್ನ ಭಾರದಿಂದಲೇ ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಜಾರುತ್ತಿರುತ್ತದೆ. ತಳದ ನೆಲ ತಗ್ಗುದಿಣ್ಣೆಯಾದಲ್ಲಿ ಮಂಜುಗಡ್ಡೆ ಬಿರಿದು ಆಳವಾದ ಸೀಳುಗಳಾಗುತ್ತವೆ. ಹೊಸ ಹಿಮ ಸೀಳಿನ ಬಾಯಿಗೆ ತೆಳುವಾದ ಮುಚ್ಚಳ ಹಾಕುತ್ತದೆ. ನೋಡಲು ಬಿಳಿಯ ಅಂಗಳ, ಕಾಲಿಟ್ಟರೆ ಪಾತಾಳ. ಆದುದರಿಂದಲೇ ಅಲ್ಲಿ ಒಬ್ಬೊಬ್ಬರೇ ನಡೆಯುವಂತಿಲ್ಲ. ಮೂರು ನಾಲ್ಕು ಮಂದಿ ಒಂದೇ ಹಗ್ಗಕ್ಕೆ ಕಟ್ಟಿಕೊಂಡು, ನಡುವೆ ಅಂತರವಿಟ್ಟು, ಮುಂದಿನವನು ಹಿಮಗೊಡಲಿಯ ಹಿಡಿಯಿಂದ ಚುಚ್ಚಿ ನೋಡುತ್ತ ಸಾಗಬೇಕು. ಒಬ್ಬ ಬಿದ್ದರೆ ಉಳಿದವರು ತಡೆದು ನಿಲ್ಲಬೇಕು.

ಜಾರಿದಾಗ ತಡೆಯುವ ವಿದ್ಯೆಯನ್ನು ಬೇಕೆಂದೇ ಜಾರಿಸಿ ಕಲಿಸುತ್ತಾರಂತೆ. ಇಳಿಜಾರಿಗೆ ಮುಖಮಾಡಿ ಹೊರಳಿ, ಗೊಡಲಿಯ ಮೊನೆಯನ್ನು ಹಿಮಕ್ಕೆ ಒತ್ತಿ, ಎದೆಯ ಭಾರವನ್ನೆಲ್ಲ ಅದರ ಮೇಲೆ ಹಾಕಬೇಕು. ಬೂಟಿಗೆ ಉಕ್ಕಿನ ಮುಳ್ಳುಗಳಿದ್ದರೆ ಪಾದಗಳನ್ನು ಎತ್ತಿ ಹಿಡಿಯಬೇಕು. ಇಲ್ಲವಾದರೆ ಮುಳ್ಳು ಹಿಮಕ್ಕೆ ಸಿಕ್ಕಿ ಮನುಷ್ಯನನ್ನೇ ಮಗುಚುತ್ತದೆ. ಬೀಳುವುದನ್ನು ಇಷ್ಟು ಶ್ರದ್ಧೆಯಿಂದ ಕಲಿಸುವ ಬೇರೆ ಶಾಲೆಯನ್ನು ನಾನು ಕಂಡಿಲ್ಲ. ನಮ್ಮಲ್ಲಿ ಬಿದ್ದವನಿಗೆ ಸಿಗುವುದು ನಗು ಮಾತ್ರ.

ಇನ್ನು ನನ್ನ ತಪ್ಪಿನ ವಿಷಯ. ಹೊರಡುವ ದಿನ ಅವಳ ಕೈಗೆ ಒಂದು ಕಾಗದ ಕೊಟ್ಟಿದ್ದೆ. ‘ಏನೇ ಕಷ್ಟ ಬಂದರೂ ಬಾಯಿ ಬಿಡದೆ ಸಹಿಸಿ ಮುಗಿಸಿ ಬಾ. ಶಾಲೆಯ ಹೆಸರು ಉಳಿಸು’ ಎಂದು ಬರೆದಿದ್ದೆ. ಜ್ವರವಿದ್ದರೂ ಶಾಲೆಗೆ ಬಂದ ಮಗುವನ್ನು ಮೂವತ್ತು ವರ್ಷ ಪ್ರಾರ್ಥನಾ ಸಭೆಯಲ್ಲಿ ನಿಲ್ಲಿಸಿ ಹೊಗಳಿದವನು ಬೇರೇನು ಬರೆದಾನು?

ಹಿಮನದಿಯ ಬುಡದ ಶಿಬಿರ ಸುಮಾರು 12,000 ಅಡಿ ಎತ್ತರದಲ್ಲಿದೆ. ಅಲ್ಲಿಯ ಗಾಳಿಯ ಒತ್ತಡ ಸಮುದ್ರಮಟ್ಟದ ಮೂರರಲ್ಲಿ ಎರಡು ಪಾಲು ಮಾತ್ರ. ಒಂದೊಂದು ಉಸಿರಿಗೂ ಅಷ್ಟೇ ಕಡಿಮೆ ಪ್ರಾಣವಾಯು. ದೇಹ ಹೊಂದಿಕೊಳ್ಳಲು ದಿನಗಳು ಬೇಕು. ಎಂಟು ಸಾವಿರ ಅಡಿ ದಾಟಿದ ಮೇಲೆ ತಲೆನೋವು, ವಾಕರಿಕೆ, ನಿದ್ರಾಹೀನತೆ ಯಾರಿಗೂ ಬರಬಹುದು. ಪೊಸಡಿ ಗುಂಪೆಯನ್ನು ಎಷ್ಟು ಸಲ ಹತ್ತಿದರೂ ಇದರಿಂದ ರಕ್ಷಣೆಯಿಲ್ಲ. ಅಲಕ್ಷಿಸಿ ಮೇಲೇರಿದರೆ ಶ್ವಾಸಕೋಶದಲ್ಲಿ ನೀರು ತುಂಬುವ, ಮೆದುಳು ಊದುವ ಮಾರಕ ಸ್ಥಿತಿ ಬರಬಹುದು. ಆಗ ಮುಖ್ಯ ಚಿಕಿತ್ಸೆ ತಡಮಾಡದೆ ಕೆಳಗಿಳಿಯುವುದು.

ಶಿಬಿರದ ಎರಡನೆಯ ರಾತ್ರಿ ಅವಳಿಗೆ ತಲೆ ಸಿಡಿಯತೊಡಗಿತು. ಟಾರ್ಚಿನ ಬೆಳಕಿನಲ್ಲಿ ನನ್ನ ಕಾಗದ ಓದಿದಳಂತೆ. ಬೆಳಿಗ್ಗೆ ಶಿಕ್ಷಕರು ಒಬ್ಬೊಬ್ಬರನ್ನೂ ವಿಚಾರಿಸಿದಾಗ, ನಾನೇ ಕಲಿಸಿದ ಹಿಂದಿಯಲ್ಲಿ, “ಠೀಕ್ ಹೂಂ” ಎಂದಳು. ಹಗ್ಗ ಕಟ್ಟಿಕೊಂಡು ಹೊರಟು ಒಂದು ತಾಸಿನೊಳಗೆ ಎರಡು ಸಲ ಮುಗ್ಗರಿಸಿದಳು. ಎರಡನೆಯ ಸಲ ಹಿಂದಿದ್ದ ಹುಡುಗಿಯನ್ನೂ ಎಳೆದು ಬೀಳಿಸಿದಳು. ಶಿಕ್ಷಕರು ಗದರಲಿಲ್ಲ, ಎದುರು ಕುಳಿತು ಮತ್ತೊಮ್ಮೆ ಕೇಳಿದರು. ಆಗ ಹೇಳಿದಳು. ನಿನ್ನ ತಲೆನೋವು ನಿನ್ನೊಬ್ಬಳದೆಂದು ತಿಳಿದೆಯಾ, ಅದು ಈ ಹಗ್ಗದಲ್ಲಿರುವ ಎಲ್ಲರದು ಎಂದು ತಿಳಿಸಿ, ಜೊತೆಗಾರರನ್ನು ಕೊಟ್ಟು ಕೆಳಗಿನ ತಂಗುದಾಣಕ್ಕೆ ಕಳುಹಿಸಿದರು. ಎರಡು ರಾತ್ರಿ ಅಲ್ಲಿದ್ದು ಗುಣವಾಗಿ ಮತ್ತೆ ಮೇಲೆ ಬಂದಳು. ಅಷ್ಟರಲ್ಲಿ ಕೆಲವು ಪಾಠಗಳು ತಪ್ಪಿದ್ದವು.

ಪ್ರಮಾಣಪತ್ರದಲ್ಲಿ ‘ಎ’ ಶ್ರೇಣಿ ಇದ್ದವರಿಗೆ ಮಾತ್ರ ಮುಂದಿನ ತರಗತಿಗೆ ಅರ್ಹತೆ. ಅವಳಿಗೆ ದೊರೆತದ್ದು ‘ಬಿ’. ಅಂಕಪಟ್ಟಿ ತೋರಿಸಲು ಬಂದ ಮಗುವಿನಂತೆ ಅದನ್ನು ನನ್ನ ಮುಂದಿಟ್ಟು, ನಡೆದದ್ದನ್ನೆಲ್ಲ ಹೇಳಿದಳು; ದೂರಲಿಲ್ಲ. ತಾಯಿ ಪಕ್ಕದಲ್ಲೇ ಕುಳಿತು ಕೇಳುತ್ತಿದ್ದರು. ನಾನು ಅವರ ಮುಖ ನೋಡಲಾರದೆ ಹೋದೆ.

ಈಗ ಅವಳು ಊರಿನ ಇನ್ನಿಬ್ಬರು ಹುಡುಗಿಯರನ್ನು ನೀರಿನ ಕ್ಯಾನು ಹೊರಿಸಿ ಗುಂಪೆ ಹತ್ತಿಸುತ್ತಿದ್ದಾಳೆ. ಅರ್ಧ ದಾರಿಯಲ್ಲಿ ನಿಲ್ಲಿಸಿ, ಎಲ್ಲಿ ನೋಯುತ್ತಿದೆ, ನಿಜ ಹೇಳು ಎಂದು ಕೇಳುತ್ತಾಳಂತೆ. ಅವರ ಹಿಂದಿ ಪಾಠ ನಮ್ಮ ಜಗಲಿಯಲ್ಲೇ ನಡೆಯುತ್ತಿದೆ. ‘ತಲೆ ನೋಯುತ್ತಿದೆ, ಕೆಳಗಿಳಿಯಬೇಕು’ ಎಂಬ ವಾಕ್ಯದಿಂದ ಪಾಠ ಆರಂಭಿಸಿದ್ದೇನೆ. ನನ್ನ ಹಳೆಯ ಕಾಗದವನ್ನು ಹಿಂದೆ ಕೊಡು ಎಂದು ಎರಡು ಸಲ ಕೇಳಿದೆ. ನಗುತ್ತಾಳೆ, ಕೊಡುವುದಿಲ್ಲ.